ಬೀದಿಗೊಂದೇ ಜಗುಲಿ

ಸುತ್ತಿಗೆಯ ನೂರನೆಯ ಏಟಿಗೂ ಅಗುಳಿ ಜಗ್ಗಲಿಲ್ಲ. ದಿಂಬಂ ಘಟ್ಟದಲ್ಲಿ ಕೆಟ್ಟು ನಿಂತ ಲಾರಿಯನ್ನು ಎಡಗೈಯಲ್ಲಿ ತಳ್ಳುವ ನಂಜಪ್ಪನೂ ಬೆವರು ಒರೆಸಿಕೊಂಡು ಪಕ್ಕಕ್ಕೆ ನಿಂತ. ಹಿಂದೆ ನಡುಮನೆಯಲ್ಲಿ ಅವನ ಮಾವ, ಗಾರೆ ಕೆಲಸದ ಶಿವಮಲ್ಲಪ್ಪ, ಹಣೆತುಂಬ ವಿಭೂತಿ ಬಳಿಸಿಕೊಂಡು ಗೋಡೆಗೆ ಒರಗಿ ಕೂತಿದ್ದ. ಪ್ರಾಣ ಹೋಗಿದ್ದು ಬೆಳಗಿನ ಜಾವ. ಅವರಲ್ಲಿ ಹೆಣವನ್ನು ಕೂರಿಸಿಯೇ ಮಣ್ಣು ಮಾಡುವುದು. ಅದಕ್ಕೂ ಮೊದಲು ಜಗುಲಿಯ ಮೇಲೆ, ಬೀದಿಗೆ ಮುಖ ಮಾಡಿ ಕೂರಿಸಬೇಕು. ಜಗುಲಿ ಇರುವುದು ಬಾಗಿಲಾಚೆ.

"ಇತ್ತಿಲಿಂದ ಸುತ್ತಿ ತಕ್ಕಂಡೋಗಿ, ಬೀದೀಲಿ ಅಲಗ ಮ್ಯಾಲ ಕೂರ್ಸಿ," ಎಂದಳು ಶಿವಮಲ್ಲಪ್ಪನ ಹೆಂಡತಿ ಶಾಂತಮಲ್ಲಮ್ಮ, ಮೂಲೆಯ ಹಲಗೆಯತ್ತ ಕೈ ಮಾಡಿ, ನೆಲ ನೋಡುತ್ತಾ. "ಇಡೀ ಬೀದಿ ಸತ್ತೋರ್ನ ಅಲಗ ಮ್ಯಾಲೇ ಕೂರ್ಸದಲ್ವ? ಇವರೊಬ್ಬರ್ಗ ಜಗುಲಿ ಬ್ಯಾಡ."

"ಜಗುಲಿ ಮಡಿಕ್ಕಂಡು ಅಲಗ ಮ್ಯಾಲ ಕೂರ್ಸುದ್ರ ಜನ ಉಗಿಯಕಿಲ್ವ ಅತ್ತೆ?"

"ಜಗುಲಿ ಮ್ಯಾಲ ಕೂರ್ಸುದ್ರೂ ಉಗೀತಾರ ಕಣಪ್ಪ."

ಎದುರು ಮನೆಯ ರುದ್ರಸ್ವಾಮಿ ಹಿತ್ತಿಲ ಕೊಟ್ಟಿಗೆಯ ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬಂದ. ಚಡ್ಡಿ ಹಾಕದ ಕಾಲದಿಂದಲೂ ಶಿವಮಲ್ಲಪ್ಪನ ಜೊತೆಗಾರ. ಈ ಮನೆ ತುಳಿದು ಆರು ವರ್ಷವಾಗಿತ್ತು. ನಂಜಪ್ಪನ ಕೈಯಿಂದ ಸುತ್ತಿಗೆ ಕಿತ್ತುಕೊಂಡು ಅಗುಳಿ ನೋಡಿದ. ಕಬ್ಬಿಣ ತುಕ್ಕು ಹಿಡಿದು ಬಾಗಿಲಿನ ಜೊತೆ ಒಂದೇ ಆಗಿತ್ತು.

"ಇದ್ಯಾವತ್ತಿಂದ ಇಂಗದ ತಂಗೀ?"

"ನಿಮ್ಮವ್ವ ಸತ್ತ ದಿನದಿಂದ."

ರುದ್ರಸ್ವಾಮಿ ಸುತ್ತಿಗೆ ಎತ್ತಿದ. ಬಾಗಿಲಿಗಲ್ಲ, ಯಾರಿಗೋ ಹೊಡೆಯುವವನ ಹಾಗೆ ಹೊಡೆದ.

*

ಒಂದು ಕಾಲದಲ್ಲಿ ಆ ಬೀದಿಯ ಜಗುಲಿಗಳ ಮುಂದೆ ಮೈಸೂರಿನ ಅರಮನೆ ಏನೇನೂ ಅಲ್ಲ. ದೊಡ್ಡಗಾಜನೂರಿಗೆ ಹೆಣ್ಣು ನೋಡಲು ಬಂದವರು ಹೆಣ್ಣು ಬಿಟ್ಟು ಜಗುಲಿ ನೋಡಿ ಒಪ್ಪಿಕೊಂಡು ಹೋಗುತ್ತಿದ್ದರು. ಎದುರುಬದುರು ಮೂವತ್ತೊಂಬತ್ತು ಮನೆ, ಮೂವತ್ತೊಂಬತ್ತು ಜಗುಲಿ, ಒಂದಕ್ಕೊಂದು ಇರುವೆ ದಾಟುವಷ್ಟೂ ಸಂದಿಲ್ಲ. ಗುಡಿಯ ಕಡೆ ಬೆಳಿಗ್ಗೆ ಒಬ್ಬನಿಗೆ ಸೀನು ಬಂದರೆ, ಸುದ್ದಿ ಜಗುಲಿಯ ಮೇಲೇ ಹರಿದು ಕೆರೆಯ ಕಡೆ ಮುಟ್ಟುವ ಹೊತ್ತಿಗೆ ಅವನ ತಿಥಿಯೂ ಮುಗಿದಿರುತ್ತಿತ್ತು. ಜಗಳ ಅಲ್ಲೇ, ರಾಜಿ ಅಲ್ಲೇ. ಕಾಡುಹಂದಿ ಕಾಯಲು ಹೊಲಕ್ಕೆ ಹೊರಟವರು ಅಲ್ಲೇ ಒಂದು ಮಾತಿಗೆ ಕೂತು, ಹಂದಿ ಹೊಲ ಮುಗಿಸಿದ ಮೇಲೆ ಏಳುತ್ತಿದ್ದರು.

ಎಪ್ಪತ್ತನಾಲ್ಕನೇ ಇಸವಿಯಲ್ಲಿ ಶಿವಮಲ್ಲಪ್ಪ ಸತ್ಯಮಂಗಲದಲ್ಲಿ ಮೂರು ತಿಂಗಳು ಕೆಲಸ ಮಾಡಿ ಬಂದ. ಲಂಡನ್ನು ನೋಡಿ ಬಂದವನೂ ಅಷ್ಟು ಮಾತಾಡಿರಲಾರ.

"ಅಲ್ಲೆಲ್ಲ ಬೀದಿ ನೂಲು ಇಡ್ದಂಗದ ಕಣ್ರಲಾ! ಜಗುಲಿ ಗಿಗುಲಿ ಏನಿಲ್ಲ. ಈ ಜಗುಲಿ ಒಡ್ದಾಕುದ್ರ ಬಸ್ಸು ನಿಮ್ಮ್ ಬಾಗ್ಲುಗೇ ಬಂದು ಆರನ್ ಒಡೀತದ. ನಮ್ಮದೂ ಪ್ಯಾಟೆಯಾಯ್ತದ."

ಊರು ಹೂಂ ಎಂದಿತು. ಹೂಂ ಎನ್ನುವುದರಲ್ಲಿ ನಮ್ಮೂರನ್ನು ಮೀರಿಸುವವರಿಲ್ಲ. ಅವನೇ ದಾರ ಕಟ್ಟಿದ, ಅವನೇ ಹಾರೆ ಹಿಡಿದ. ಮೊದಲ ಏಟು ಗೆಳೆಯ ರುದ್ರಸ್ವಾಮಿಯ ಜಗುಲಿಗೆ. ಅವನ ತಾಯಿ ಗುರುಲಿಂಗಮ್ಮ ಅಲ್ಲಿ ಎಲೆ ಅಡಿಕೆ ಕುಟ್ಟುತ್ತಾ ಕೂತಿದ್ದಳು.

"ಒಸಿ ಆಚ್ಗ ಸರ್ಕಳವ್ವ," ಎಂದ ಶಿವಮಲ್ಲಪ್ಪ.

"ಸರ್ಕಂಡು ಎಲ್ಗ ಓಗ್ಲಪ್ಪ?" ಎಂದಳು ಮುದುಕಿ. ಎಲ್ಲರೂ ನಕ್ಕರು.

ಹನ್ನೊಂದು ದಿನದಲ್ಲಿ ಮೂವತ್ತೆಂಟು ಜಗುಲಿ ಮಣ್ಣಾದವು. ಕೊನೆಯದು ಅವನದೇ. ಅಂಚಿಗೆ ಒಂದು ಏಟು ಹಾಕಿದ್ದ, ಅಷ್ಟರಲ್ಲಿ ಬಸ್ಸಿನವರು ಬಂದರು, ಟೇಪು ಹಿಡಿದರು. ಗುಡಿಯ ಮೂಲೆಯಲ್ಲಿ ಬಸ್ಸು ತಿರುಗದು. "ಎಡಂ ಪತ್ತಾದು," ಜಾಗ ಸಾಲದು, ಎಂದು ತಮಿಳಿನಲ್ಲಿ ಹೇಳಿ, ಟೀ ಕುಡಿದು ಹೋದರು.

ಶಿವಮಲ್ಲಪ್ಪ ಹಾರೆ ಹಿಡಿದು ನಿಂತೇ ಇದ್ದ. ಎರಡನೆಯ ಏಟು ಹಾಕಬೇಕಿತ್ತು. ಹಾಕಲಿಲ್ಲ.

*

ಬಾಗಿಲು ಸದ್ದು ಮಾಡಿ ತೆರೆಯಿತು. ಕಿಟಕಿಯ ಸರಳಿಗೆ ಹಗ್ಗ ಬಿಗಿದು ಶಿವಮಲ್ಲಪ್ಪನನ್ನು ಜಗುಲಿಯ ಮೇಲೆ ಕೂರಿಸಿದರು. ಇಡೀ ಬೀದಿ ಬಂತು. ಹೂವು ಹಾಕಿತು, ಕೈ ಮುಗಿಯಿತು, ಬಿಸಿಲಲ್ಲಿ ನಿಂತಿತು. ಹೆಣವನ್ನು ಒಂಟಿ ಬಿಡಬಾರದು, ಪಕ್ಕದಲ್ಲಿ ಕೂತು ಭಜನೆ ಹೇಳಬೇಕು. ಭಜನೆಯವರು ನಿಂತೇ ಹೇಳಿದರು.

"ಮ್ಯಾಕ್ ಬನ್ನಿ, ಕೂತ್ಕಳಿ," ಶಾಂತಮಲ್ಲಮ್ಮ ಒಬ್ಬೊಬ್ಬರಿಗೂ ಹೇಳಿದಳು. ಗಂಡನ ಪಕ್ಕ ಊರಿನವರು ಯಾರಾದರೂ ಒಬ್ಬರು ಕೂತರೆ ಸಾಕಾಗಿತ್ತು ಅವಳಿಗೆ.

"ಇರ್ಲಿ ಬುಡವ್ವ. ನಿಂತು ನಿಂತು ಅಭ್ಯಾಸ ಆಗೋಗದ," ಎಂದಿತು ಗುಂಪಿನಿಂದ ಒಂದು ದನಿ.

"ಮೆರೀಲಿ ಬುಡ್ಲಾ, ಮಡಿಕ್ಕಂಡಿದ್ದ ಜಗುಲಿ," ಎಂದಿತು ಇನ್ನೊಂದು.

ಶಾಂತಮಲ್ಲಮ್ಮ ಸೆರಗನ್ನು ಮುಖಕ್ಕೆ ಎಳೆದುಕೊಂಡಳು. ಜನ ಅಳು ಎಂದುಕೊಂಡರು; ಅದು ಅವಮಾನ.

*

ಎಂಬತ್ತನೇ ಇಸವಿಯಲ್ಲಿ ಗುರುಲಿಂಗಮ್ಮ ಸತ್ತ ದಿನ ಸೋನೆ ಹಿಡಿದಿತ್ತು. ಬೀದಿಯ ಕೆಸರಿನಲ್ಲಿ ಎರಡು ಕಲ್ಲಿಟ್ಟು, ಹಲಗೆ ಹಾಸಿ, ಕೊಡೆ ಹಿಡಿದು ಅವಳನ್ನು ಕೂರಿಸಿದ್ದರು. ಹಲಗೆ ಅಲ್ಲಾಡಿದಾಗಲೆಲ್ಲ ಮುದುಕಿಯ ತಲೆಯೂ ಅಲ್ಲಾಡುತ್ತಿತ್ತು.

ಶಿವಮಲ್ಲಪ್ಪ ತನ್ನ ಜಗುಲಿಯನ್ನು ಮೂರು ಸಲ ತೊಳೆದು, ಬೀದಿ ದಾಟಿ ಬಂದ.

"ಅವ್ವನ್ನ ನಮ್ಮ್ ಜಗುಲಿಗ ಕರ್ಕಂಡ್ ಬಾ ರುದ್ರ. ನೆನೀತಾವಳ."

"ಬ್ಯಾಡ ಕಣ್ಲಾ," ರುದ್ರಸ್ವಾಮಿ ಊರೆಲ್ಲ ಕೇಳುವಂತೆ ಅಂದ. "ನಿನ್ನ್ ಜಗುಲಿ ನಿನ್ಗೇ ಇರ್ಲಿ. ನೀ ಸತ್ತಾಗ ನೀನೇ ಕೂತ್ಕಂಡೀಯೆ."

ಯಾರೋ ನಕ್ಕರು. ಶಿವಮಲ್ಲಪ್ಪ ಮನೆಗೆ ಹೋದ. ಅಗುಳಿ ಬಿದ್ದ ಸದ್ದು ಮಳೆಯಲ್ಲೂ ಕೇಳಿಸಿತು. ಆಮೇಲೆ ಅವನು ಓಡಾಡಿದ್ದೆಲ್ಲ ಕೊಟ್ಟಿಗೆಯ ಕಡೆಯಿಂದ. ಜಂಬ, ಎಂದಿತು ಊರು.

*

ಮಣ್ಣು ಮಾಡಿ ಬಂದವರು ದೀಪ ನೋಡಿ ಹೋಗಬೇಕು. ಗಂಡ ಕೂತಿದ್ದ ಜಾಗದಲ್ಲೇ ಶಾಂತಮಲ್ಲಮ್ಮ ದೀಪ ಹಚ್ಚಿಟ್ಟಿದ್ದಳು. ಜನ ಕಾಲು ತೊಳೆದು, ಬೀದಿಯಿಂದಲೇ ದೀಪ ನೋಡಿ, ಮನೆ ಸೇರಿದರು.

ರುದ್ರಸ್ವಾಮಿ ಮಾತ್ರ ಉಳಿದ. ತೊಳೆದ ಕಲ್ಲಿನ ಮೇಲೆ ಗೆರೆಗಳು ಎದ್ದಿದ್ದವು: ಅವರಿಬ್ಬರೂ ಹುಡುಗರಾಗಿದ್ದಾಗ ಉಳಿಯಲ್ಲಿ ಕೊರೆದ ಆಡು-ಹುಲಿ ಆಟದ ಮನೆ. ಅದರ ಅಂಚಿನಲ್ಲಿ ಹಾರೆಯ ಒಂದೇ ಒಂದು ಗಾಯ.

"ಸತ್ತಾಗ ಕೂತ್ಕಂಡೀಯೆ ಅಂದವ ನಾನೇ ಕಣವ್ವ."

"ಗೊತ್ತು. ಬಾಗ್ಲಿಂದ ಕೇಳಿಸ್ಕಂಡಿದ್ದೆ."

"ನಾವೆಲ್ಲ ಮನೀಕಂಡ ಮ್ಯಾಲ ಇಲ್ಲೊಬ್ನೇ ಕೂತ್ಕಂಡು ಮೆರೀತಿದ್ನ?"

"ಜಗುಲಿ ಒಡ್ದ ವರ್ಸದಿಂದ ಒಂದಿನಾನೂ ಕೂರ್ಲಿಲ್ಲ ಅಣ್ಣ. ಕೂತದ್ದು ಇವತ್ತೇಯ, ಅದೂ ನೀವು ಕಟ್ಟಿದ್ಕ."

ರುದ್ರಸ್ವಾಮಿ ಹೆಗಲಿನ ಟವಲು ತೆಗೆದು ಕಲ್ಲು ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ. ಶಾಂತಮಲ್ಲಮ್ಮ ದೀಪವನ್ನು ಒಂದು ಗೇಣು ಆಚೆ ಸರಿಸಿದಳು. ಅವನು ಕೂತ. ಪೂರ್ತಿ ಅಲ್ಲ, ಅಂಚಿನಲ್ಲಿ, ಅರ್ಧ ತೊಡೆಯ ಮೇಲೆ.

ಗುಡಿಯ ಮೂಲೆಯಾಚೆ ಸಂಜೆಯ ಬಸ್ಸು ಹಾರ್ನ್ ಹೊಡೆದು ಹೋಯಿತು. ಒಂದೊಂದೇ ಬಾಗಿಲು ತೆರೆಯಿತು. ಮೂವತ್ತೆಂಟು ಮನೆಯವರೂ ಹೊರಗೆ ಬಂದು ಜಗುಲಿಯ ಮೇಲೆ ಕೂತವನನ್ನು ನೋಡುತ್ತಾ, ತಮಗೆ ಕೂರಲು ಜಾಗವಿಲ್ಲದೆ, ತಂತಮ್ಮ ಹೊಸ್ತಿಲ ಮೇಲೆ ನಿಂತೇ ಇದ್ದರು.