ಆಳಿಲ್ಲದ ವಿಮಾನದ ಆಳು

ಸಲಹೆಗಾರ ಬಿಳಿ ಹಲಗೆಯ ಮೇಲೆ ಐದು ಚೌಕ ಬರೆದು, ಒಂದರಿಂದ ಒಂದಕ್ಕೆ ಬಾಣ ಎಳೆದು, ಬೆರಳಿಗೆ ಹತ್ತಿದ ಮಸಿ ಒರೆಸಿಕೊಂಡ. ಡ್ರೋನ್ ಕಂಪನಿಯ ಮುಂದಿನ ಮೂರು ವರ್ಷದ ಹಣೆಬರಹವೆಲ್ಲ ಆ ಚೌಕಗಳಲ್ಲಿ ಕುಳಿತಿತ್ತು. ಹಿಂದಿನ ಕುರ್ಚಿಯಲ್ಲಿದ್ದ ಭಾಮೈದ ಕತ್ತು ಉದ್ದ ಮಾಡಿ ತನ್ನನ್ನು ಹುಡುಕಿದ. ಯಜಮಾನರಿದ್ದರು, ಯಂತ್ರವಿತ್ತು, ಗಿರಾಕಿಯಿದ್ದ, ಮಾರಾಟವಿತ್ತು, ರಿಪೇರಿಗೂ ಒಂದು ಚೌಕವಿತ್ತು. ಅವನು ಮಾತ್ರ ಇರಲಿಲ್ಲ.

"ಸಾರ್, ಹಾರಿಸೋನು ಯಾವ ಮನೇಲಿದಾನೆ?"

ಸಲಹೆಗಾರನ ಮುಖ ಅರಳಿತು. "ಅದೇ ಅಲ್ವಾ ನಮ್ಮ ತಂತ್ರದ ಜೀವಾಳ! ಹಾರಿಸೋನೇ ಇಲ್ಲ. ತಾನೇ ಹಾರೋ ಡ್ರೋನ್ ಮಾರ್ತೀವಿ. ದೊಡ್ಡ ಆರ್ಡರ್ ಬಂದ ದಿನವೇ ಆ ಹುದ್ದೆ ರದ್ದು."

ಆ ಹುದ್ದೆಯಲ್ಲಿ ಒಂಬತ್ತು ವರ್ಷದಿಂದ ಇದ್ದವನು ಇವನೊಬ್ಬನೇ. ಯಜಮಾನರು ಅವನ ಅಕ್ಕನ ಗಂಡ. ಹಾಗಾಗಿ ಬೆಸುಗೆ ಹಾಕುವವನಿಂದ ಹಿಡಿದು ಗೇಟು ಕಾಯುವವನವರೆಗೆ ಎಲ್ಲರೂ ಅವನನ್ನು ಭಾಮೈದ ಎಂದೇ ಕರೆಯುತ್ತಿದ್ದರು. ಈ ಲೆಕ್ಕದಲ್ಲಿ ತನಗೆ ನಲವತ್ತು ಜನ ಭಾವಂದಿರು ಎಂದು ಅವನೂ ನಗುತ್ತಿದ್ದ. ಕಾರ್ಖಾನೆಯಿಂದ ಹೊರಬೀಳುವ ಪ್ರತಿ ಡ್ರೋನನ್ನೂ ಮೊದಲು ಹಾರಿಸುವವನು ಅವನು. ಇಳಿಸುವ ಮುನ್ನ ನೆಲದಿಂದ ಒಂದು ಮೊಳ ಮೇಲೆ, ಒಂದು ಉಸಿರಿನಷ್ಟು ಹೊತ್ತು, ಅದನ್ನು ನಿಲ್ಲಿಸುತ್ತಿದ್ದ. ಹೊರುವ ನೆಲಕ್ಕೊಂದು ನಮಸ್ಕಾರ. ಇಳಿದ ಕೂಡಲೇ ಹತ್ತಿರ ಹೋಗಿ ನಾಲ್ಕೂ ಮೋಟಾರುಗಳನ್ನು ಕೈಯ ಹಿಂಬದಿಯಿಂದ ಮುಟ್ಟಿ, ಜ್ವರ ಬಂದ ಮಗುವಿನ ಹಣೆ ನೋಡುವ ಹಾಗೆ ಬಿಸಿ ನೋಡುತ್ತಿದ್ದ.

ತಾನೇ ಹಾರುವ ವಿದ್ಯೆಯನ್ನು ಯಂತ್ರ ಇನ್ನೂ ಕಲಿಯುತ್ತಿತ್ತು. ಹೋದ ವಾರದ ಪಾಠದಲ್ಲಿ ನೀರಿನ ಟ್ಯಾಂಕಿಗೆ ಡಿಕ್ಕಿ ಹೊಡೆದಿತ್ತು. ಆದರೆ ವಿದ್ಯುತ್ ಕಂಪನಿಯ ಖರೀದಿ ಅಧಿಕಾರಿ ಬರುವ ದಿನ ನಿಗದಿಯಾಗಿಹೋಗಿತ್ತು. ಊರಾಚೆಯ ಕಂಬ, ತಂತಿಗಳನ್ನು ನೋಡಿ ಬರಲು ಆಕೆಗೆ ಹನ್ನೆರಡು ಡ್ರೋನ್ ಬೇಕಿತ್ತು.

"ನೀನು ಉಗ್ರಾಣದೊಳಗೆ ಕೂತ್ಕೊಂಡು ಹಾರಿಸು," ಎಂದರು ಭಾವ. "ಕಿಟಕಿಯಿಂದ ಕಂಬ ಚೆನ್ನಾಗಿ ಕಾಣತ್ತೆ. ಆಯಮ್ಮನ ಕಣ್ಣಿಗೆ ಮಾತ್ರ ಬೀಳಬೇಡ. ತಾನೇ ಹಾರ್ತಿದೆ ಅಂತ ಅನ್ಕೊಳ್ಲಿ."

"ಅಂದ್ರೆ ನನ್ನ ಕೆಲಸ ಹೋಗೋ ಹಾಗೆ ನಾನೇ ಚೆನ್ನಾಗಿ ಹಾರಿಸ್ಬೇಕು. ಅಷ್ಟೇ ತಾನೆ ಭಾವ?"

ಭಾವ ಕೆಮ್ಮಿದರು. "ಹಾಗೆಲ್ಲ ಮಾತಾಡಬೇಡ್ವೋ. ನಲವತ್ತು ಮನೆ ಒಲೆ ಉರೀಬೇಕು."

"ನಲವತ್ತೊಂದನೇದು ನಂದು. ಅಕ್ಕ ಏನಂದ್ಲು ಇದಕ್ಕೆ?"

"ನಿಮ್ಮಕ್ಕ ನನ್ನ ಹತ್ರ ಮಾತು ಬಿಟ್ಟು ನಾಲ್ಕು ದಿನ ಆಯ್ತು."

ಅಧಿಕಾರಿ ಬಂದ ಬೆಳಿಗ್ಗೆ ಅವನು ರಟ್ಟಿನ ಪೆಟ್ಟಿಗೆಗಳ ನಡುವೆ ರಿಮೋಟನ್ನು ಕೊರಳಿಗೆ ಹಾಕಿಕೊಂಡು ಕುಳಿತು ಕಣ್ಣು ಮುಚ್ಚಿದ. ದೇವರೇ, ಕೆಟ್ಟದ್ದು ಬೇಡೋನಲ್ಲ ನಾನು. ಒಂದೇ ಒಂದು ಸಲ ಕೈ ನಡುಗಿಸು. ಯಂತ್ರಕ್ಕೆ ಪೆಟ್ಟಾಗೋದು ಬೇಡ, ಜನಕ್ಕೂ ಬೇಡ. ಒಂಚೂರು ವಾಲಿದರೆ ಸಾಕು, ಆಯಮ್ಮ ಬೇಡ ಅಂದು ಹೋಗಿಬಿಡ್ತಾರೆ.

ದೇವರು ಮೊರೆ ಕೇಳುವ ರೀತಿಯೇ ಬೇರೆ. ಅವನ ಕೈ ಆವತ್ತಿನಷ್ಟು ಸ್ಥಿರವಾಗಿ ಹಿಂದೆಂದೂ ನಿಂತಿರಲಿಲ್ಲ. ಬೇಕೆಂದೇ ವಾಲಿಸೋಣವೆಂದರೆ ಹೆಬ್ಬೆರಳು ಒಪ್ಪಲಿಲ್ಲ. ಡ್ರೋನ್ ತಂತಿಯ ಗುಂಟ ನೂಲು ಹಿಡಿದ ಹಾಗೆ ಸಾಗಿತು. ಮೂರನೆಯ ಕಂಬದ ತಲೆಯಲ್ಲೊಂದು ಗೂಡಿತ್ತು, ಗೂಡಿನಲ್ಲಿ ಕಾವು ಕೂತ ಹಕ್ಕಿಯಿತ್ತು. ರಿಮೋಟಿನ ಪರದೆಯಲ್ಲಿ ಅದರ ಕಣ್ಣು ಕಂಡಿತು. ಅವನು ವೇಗ ತಗ್ಗಿಸಿ, ಬಾಣಂತಿಯ ಕೋಣೆ ದಾಟುವವನಂತೆ ದೂರದಿಂದ ಸುತ್ತು ಹಾಕಿಸಿದ. ಕಡೆಗೆ ನೆಲದ ಮೇಲೆ ಒಂದು ಮೊಳ ನಿಲ್ಲಿಸಿ, ಮೆತ್ತಗೆ ಇಳಿಸಿದ.

"ಆ ಗೂಡಿನ ಸುತ್ತ ಹೋಗೋದನ್ನ ಇದಕ್ಕೆ ಯಾರು ಕಲಿಸಿದ್ದು?" ಅಂಗಳದಲ್ಲಿ ಅಧಿಕಾರಿ ಕೇಳಿದರು.

"ತಾನಾಗೇ ಕಲಿಯತ್ತೆ, ಮೇಡಂ," ಎಂದ ಸಲಹೆಗಾರ.

"ಇಳಿಯೋಕೆ ಮುಂಚೆ ಒಂದು ಗಳಿಗೆ ನಿಂತಿದ್ದು?"

"ಅದೂ... ತಾನಾಗೇ."

"ಒಳ್ಳೆ ಮನೆತನದ ಯಂತ್ರ ಇದ್ದ ಹಾಗಿದೆ."

ಅಷ್ಟರಲ್ಲಿ ಆಗಬಾರದ್ದು ಆಯಿತು. ಡ್ರೋನ್ ಇಳಿದ ಮೇಲೆ ಕೂತಿರುವುದು ಭಾಮೈದನ ಕಾಲುಗಳಿಗೆ ಗೊತ್ತೇ ಇರಲಿಲ್ಲ. ಒಂಬತ್ತು ವರ್ಷದ ಅಭ್ಯಾಸ ಅವನನ್ನು ಉಗ್ರಾಣದಿಂದ ಎಬ್ಬಿಸಿ ಕರೆತಂದಿತ್ತು. ಮೂರನೆಯ ಮೋಟಾರು ಮುಟ್ಟುವಾಗ ಎದುರಿಗೆ ಅಪರಿಚಿತ ಬೂಟುಗಳು ಕಂಡವು. ಆಮೇಲೆ ಎಚ್ಚರವಾಯಿತು.

"ಇವರು ಯಾರು?"

"ಅವನಾ? ಯಾರೂ ಅಲ್ಲ ಮೇಡಂ," ಎಂದರು ಭಾವ. "ನನ್ನ ಭಾಮೈದ."

"ಕೊರಳಲ್ಲಿ ರಿಮೋಟು ನೇತಾಕ್ಕೊಂಡಿರೋ ಭಾಮೈದ."

ಕಸ ಗುಡಿಸಲು ಬಂದೆ ಎನ್ನಬಹುದಿತ್ತು. ಭಾವನ ಕಣ್ಣು ಅದನ್ನೇ ಬೇಡುತ್ತಿತ್ತು. ಅವನ ನಾಲಿಗೆ ಆ ಕಡೆ ಹೊರಳಲಿಲ್ಲ. "ಹಾರಿಸಿದ್ದು ನಾನೇ, ಅಮ್ಮ. ಅದಕ್ಕೆ ಇನ್ನೂ ಬರಲ್ಲ. ತಪ್ಪಾಯ್ತು."

ಭಾವ ಅಲ್ಲೇ ಇದ್ದ ಡ್ರೋನಿನ ಪೆಟ್ಟಿಗೆಯ ಮೇಲೆ ಕುಳಿತರು. ಸಲಹೆಗಾರ ತನ್ನ ಚೀಲ ಎಲ್ಲಿದೆಯೆಂದು ನೋಡತೊಡಗಿದ. ಅಧಿಕಾರಿ ಮಾತ್ರ ಬಗ್ಗಿ, ತಮ್ಮ ಕೈಯಿಂದಲೂ ಮೂರನೆಯ ಮೋಟಾರು ಮುಟ್ಟಿದರು.

"ಸ್ವಲ್ಪ ಬಿಸಿ ಅಲ್ವಾ?"

"ಹೌದಮ್ಮ. ಇದೊಂದು ಯಾವಾಗಲೂ ಹೀಗೇ, ಹಟಮಾರಿ."

"ನಮ್ಮಲ್ಲಿ ತಂತಿ ನೋಡೋರು ಹನ್ನೆರಡು ಜನ ಇದಾರೆ. ಕಂಬ ಹತ್ತಿ ಹತ್ತಿ ಮಂಡಿ ಸವೆದಿದೆ. ಡ್ರೋನ್ ತಗೊಂಡು ಅವರನ್ನ ಮನೆಗೆ ಕಳಿಸಿ ಅಂತ ಮೇಲಿನವರ ಅಪ್ಪಣೆ. ನಮಗೂ ಒಬ್ಬರು ಸಲಹೆಗಾರರು ಇದಾರೆ."

"ಅವರೂ ಚೌಕ ಬರೀತಾರಾ ಅಮ್ಮ?"

"ಅವರು ವೃತ್ತ ಬರೀತಾರೆ." ಆಕೆ ನಗಲಿಲ್ಲ. "ಯಾವ ಬಾಯಲ್ಲಿ ಹೋಗಿ ಅನ್ಲಿ ಅಂತ ಒಂದು ತಿಂಗಳಿಂದ ನಿದ್ದೆ ಇಲ್ಲ. ಇದು ನಿಜವಾಗಲೂ ತಾನೇ ಹಾರಿದ್ರೆ ಇವತ್ತು ನನಗೆ ಬೇರೆ ದಾರಿನೇ ಇರ್ತಿರ್ಲಿಲ್ಲ. ಆ ಹನ್ನೆರಡು ಜನಕ್ಕೆ ಹೀಗೆ ಹಾರಿಸೋದು ಕಲಿಸ್ತೀರಾ?"

"ಕಲಿಸ್ತೀನಮ್ಮ. ಗೂಡು ಎಲ್ಲೆಲ್ಲಿದೆ ಅಂತ ಅವರು ನನಗೆ ಹೇಳಿಕೊಡ್ಲಿ."

ಹನ್ನೆರಡು ಡ್ರೋನು, ಜೊತೆಗೆ ಹಾರಿಸುವ ಪಾಠ: ಆರ್ಡರ್ ಬಂದದ್ದು ಹಾಗೆ. ಆಕೆಯ ಕಾರು ಗೇಟು ದಾಟುವ ಮುಂಚೆಯೇ ಸಲಹೆಗಾರನಿಗೆ ಜೀವ ಬಂದಿತ್ತು. "ಎಲ್ಲರೂ ಮನುಷ್ಯನನ್ನ ತೆಗೀತಿದಾರೆ, ನಾವೊಬ್ಬರೇ ಸೇರಿಸ್ತೀವಿ! ಮೊದಲಿಂದ ನಾನು ಬಡ್ಕೊಳ್ತಿದ್ದಿದ್ದು ಇದನ್ನೇ ತಾನೆ?" ಭಾವ ಹೌದು ಹೌದು ಎಂದು ತಲೆಯಾಡಿಸಿ, ಈ ಸುದ್ದಿಯನ್ನಾದರೂ ಕೇಳಿ ಹೆಂಡತಿ ಮಾತಾಡಿಯಾಳೆಂದು ಮನೆಗೆ ಫೋನು ಮಾಡಿದರು.

ಸೋಮವಾರ ಹನ್ನೆರಡು ಜನ ಬಂದರು. ಅವರಲ್ಲಿ ಹಿರಿಯ, ಮಂಡಿ ಹಿಡಿದುಕೊಂಡೇ ನಿಂತು, ರಿಮೋಟನ್ನು ತಿರುಗಿಸಿ ಮುರುಗಿಸಿ ನೋಡಿದ.

"ಇದು ತಾನೇ ಹಾರತ್ತೆ ಅಂತ ಹೇಳ್ಕೊಂಡು ತಿರುಗ್ತಿದ್ರಲ್ಲಪ್ಪ?"

"ಹಾರತ್ತೆ ಅಣ್ಣ. ನಿಮ್ಮಂಥೋರು ಒಬ್ರು ಪಕ್ಕದಲ್ಲಿದ್ರೆ."

ಹಿರಿಯ ಹೆಬ್ಬೆರಳಿಂದ ಮೆಲ್ಲಗೆ ಒತ್ತಿದ. ಡ್ರೋನ್ ಮೊಣಕಾಲೆತ್ತರ ಎದ್ದು, ಆಗಷ್ಟೇ ಕಾಲೂರಿದ ಕರುವಿನಂತೆ ಅತ್ತಿತ್ತ ವಾಲಾಡಿತು. ಭಾಮೈದನ ಕೈ ತಾನಾಗಿ ಮುಂದೆ ಹೋಯಿತು. ಅವನು ಅದನ್ನು ಹಿಂದಕ್ಕೆಳೆದು, ಬೆನ್ನ ಹಿಂದೆ ಕಟ್ಟಿಕೊಂಡು, ನೋಡುತ್ತಾ ನಿಂತ.