ಎರಡೇ ಗಂಟೆಯ ದಾರಿ

ನಮ್ಮಣ್ಣನಿಗೆ ನಾನಿಟ್ಟ ಹೆಸರು 'ಎರಡೇ ಗಂಟೆ'. ಅವನಿರುವ ಊರಿಗೂ ನಮ್ಮೂರಿಗೂ ಸಾವಿರದ ಇನ್ನೂರು ಕಿಲೋಮೀಟರು, ವಿಮಾನದಲ್ಲಿ ಎರಡು ಗಂಟೆ. ಅಮ್ಮನಿಗೆ ಕೆಮ್ಮು ಬರಲಿ, ಕಣ್ಣಿನ ಪೊರೆ ತೆಗೆಸಲಿ, ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಳ್ಳಲಿ, ಫೋನಿನಲ್ಲಿ ಅವನದು ಒಂದೇ ಪಲ್ಲವಿ: "ಏನಿದ್ರೂ ಹೇಳು, ಎರಡೇ ಗಂಟೆ, ಬಂದ್ಬಿಡ್ತೀನಿ." ಹನ್ನೊಂದು ವರ್ಷದಿಂದ ಹೇಳುತ್ತಲೇ ಇದ್ದಾನೆ. ಬಂದದ್ದು ಎರಡು ಸಲ, ಎರಡೂ ಸಲ ಆಫೀಸಿನ ಕೆಲಸಕ್ಕೆ. ಅಂಗೈಯಲ್ಲಿ ಆಕಾಶ ತೋರಿಸುವವರನ್ನು ಕಂಡಿದ್ದೇನೆ. ಇವನು ಆ ಆಕಾಶದಲ್ಲಿ ವಿಮಾನವನ್ನೂ ಹಾರಿಸಿ ತೋರಿಸುತ್ತಾನೆ.

ಅಮ್ಮ ನಂಬುತ್ತಾಳೆ. ಹೆತ್ತವರಿಗೆ ಹೆಗ್ಗಣ ಮುದ್ದು. ಗಾಲಿಕುರ್ಚಿಯಲ್ಲಿ ಕಿಟಕಿಯ ಬಳಿ ಕೂತು, ಸಿಲಿಂಡರ್ ತಂದವನಿಗೂ ನನ್ನ ಮಗ ಎರಡೇ ಗಂಟೆ ದೂರದಲ್ಲಿದ್ದಾನೆ ಎಂದು ಹೇಳಿಕೊಳ್ಳುತ್ತಾಳೆ. ಅವಳನ್ನು ದಿನಾ ಎತ್ತಿ ಕೂರಿಸುವವಳು, ಸ್ನಾನ ಮಾಡಿಸುವವಳು ನಾನು. ಪಕ್ಕದ ಕೋಣೆಯಲ್ಲಿರುವ ಮಗಳ ದೂರವನ್ನು ಯಾರು ಅಳೆಯುತ್ತಾರೆ?

ನನ್ನ ಕೆಲಸ ಹಲ್ಲಿನ ಸೆಟ್ಟು ಮಾಡುವುದು. ಮೇಣದಲ್ಲಿ ವಸಡು ತಿದ್ದಿ, ಒಂದೊಂದೇ ಹಲ್ಲು ಕೂರಿಸಿ, ಕೊನೆಗೆ ಉಜ್ಜಿ ಹೊಳಪು ಕೊಡಬೇಕು. ವರ್ಷಗಟ್ಟಲೆ ಉಜ್ಜಿ ಬಲಗೈ ಮಣಿಕಟ್ಟಿನ ನರ ಒತ್ತಿಹೋಯಿತು. ಲೋಟ ಹಿಡಿದರೆ ಜಾರುತ್ತಿತ್ತು. ಒಂದು ದಿನ ಅಮ್ಮನೂ ಜಾರಿದಳು. ಮಂಚ ಹತ್ತಿರವಿದ್ದದ್ದಕ್ಕೆ ಬಚಾವಾದಳು. ನಿನ್ನ ಕೈಗೆ ಆಪರೇಷನ್ ಆಗಲೇಬೇಕು, ಆಮೇಲೆ ಒಂದು ತಿಂಗಳು ಭಾರ ಎತ್ತುವಂತಿಲ್ಲ ಎಂದರು ಡಾಕ್ಟರು.

ಅಣ್ಣನಿಗೆ ಫೋನು ಮಾಡಿದೆ. ಮಗನ ದನಿ ಕೇಳಲಿ ಎಂದು ಅಮ್ಮನ ಮುಂದೆಯೇ ಸ್ಪೀಕರ್ ಹಾಕಿದ್ದೆ. ಒಂದು ತಿಂಗಳು ಅಮ್ಮನನ್ನು ನೀನು ನೋಡಿಕೋ, ನಾನೇ ವಿಮಾನದಲ್ಲಿ ಕರೆತಂದು ಬಿಡುತ್ತೇನೆ ಅಂದೆ.

ಆ ಕಡೆ ಗಂಟಲು ಸರಿಮಾಡಿಕೊಂಡ ಸದ್ದು. ಆಮೇಲೆ ರಾಗ ಶುರುವಾಯಿತು. ನಮ್ಮ ಮನೆಯಿಂದ ವಿಮಾನ ನಿಲ್ದಾಣಕ್ಕೇ ಒಂದೂವರೆ ಗಂಟೆಯಂತೆ. ಎರಡು ಗಂಟೆ ಮೊದಲೇ ಹೋಗಿ ಕಾಯಬೇಕಂತೆ. ತಪಾಸಣೆಯ ಸಾಲು, ಇಳಿದ ಮೇಲೆ ಗಾಲಿಕುರ್ಚಿಗೆ ಬೇರೆ ಕಾಯುವುದು, ಅದರ ಮೇಲೆ ಅವನೂರಿನ ಟ್ರಾಫಿಕ್ಕು. ಮೋಡ ಕವಿದರಂತೂ ವಿಮಾನ ಹೊರಡುವ ಖಾತ್ರಿಯೇ ಇಲ್ಲವಂತೆ. ಇದೆಲ್ಲ ಅವನಿಗೆ ಇಷ್ಟು ಚೆನ್ನಾಗಿ ಗೊತ್ತಿದೆ ಎಂದು ನನಗೆ ಗೊತ್ತೇ ಇರಲಿಲ್ಲ.

"ಹೇಳ್ಬೇಕು ಅಂದ್ರೆ ಒಂದಿಡೀ ದಿನದ ಪ್ರಯಾಣ ಕಣೇ. ಅಮ್ಮ ತಡ್ಕೊಳಲ್ಲ."

ದಾರಿ ಅದೇ, ವಿಮಾನ ಅದೇ. ಅವನು ಬರುವುದಾದರೆ ಎರಡು ಗಂಟೆ, ಅಮ್ಮ ಹೋಗುವುದಾದರೆ ಒಂದು ದಿನ. ಇಂಥದೊಂದು ಗಳಿಗೆಗೇ ನಾನು ಹನ್ನೊಂದು ವರ್ಷ ಕಾದಿದ್ದೆ. ನಾಲಿಗೆಯ ತುದಿಯಲ್ಲಿ ಒಳ್ಳೆಯ ಖಾರದ ಮಾತೂ ಇತ್ತು. ಅಮ್ಮನ ಮುಖ ನೋಡಿ ನುಂಗಿಕೊಂಡೆ. ಗೆದ್ದೆ ಅನ್ನಿಸಲಿಲ್ಲ.

ಅಮ್ಮ, ಆಯ್ತಪ್ಪ, ನೀನು ಹುಷಾರು, ಎಂದಷ್ಟೇ ಹೇಳಿದಳು.

ಕೆಳಗಿನ ಮನೆಯ ನಿವೃತ್ತ ನರ್ಸು ತಿಂಗಳ ಮಟ್ಟಿಗೆ ನೋಡಿಕೊಳ್ಳಲು ಒಪ್ಪಿದರು. ಆಪರೇಷನ್ ಮುಗಿಸಿ ಬಂದ ಮರುದಿನ, ನಾನು ಕೈಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದೆ. ಅವರು ಅಮ್ಮನ ತಲೆ ಬಾಚುತ್ತಾ, ಮಗ ಇರುವ ಊರು ವಿಮಾನದಲ್ಲಿ ಎಷ್ಟು ಹೊತ್ತು ಎಂದು ಕೇಳಿದರು. ಮತ್ತದೇ ಪಲ್ಲವಿ ಬರುತ್ತದೆಂದು ನಾನು ಹಲ್ಲು ಕಚ್ಚಿ ಕಾದೆ.

ಅಮ್ಮ ನಾನು ಮಾಡಿಕೊಟ್ಟಿದ್ದ ಹಲ್ಲಿನ ಸೆಟ್ಟನ್ನು ಬಾಯಲ್ಲಿ ಸರಿಯಾಗಿ ಕೂರಿಸಿಕೊಂಡಳು.

"ಅಲ್ಲಿಗೆ ವಿಮಾನ ಇಲ್ಲಮ್ಮ," ಅಂದಳು.