ರೋಗಿ ಸಹಕರಿಸಲಿಲ್ಲ

ಅವಳಿಗೆ ಸಿಟ್ಟು ಬಂದು ಎರಡು ತಿಂಗಳಾಗಿತ್ತು, ಇನ್ನೂ ಇಳಿದಿರಲಿಲ್ಲ. ಕಾಲು ಊದುತ್ತಿತ್ತು, ಸೊಂಟ ಹಿಡಿಯುತ್ತಿತ್ತು, ಹೊಟ್ಟೆಯೊಳಗಿನದು ಪಕ್ಕೆಗೆ ಒದೆಯುತ್ತಿತ್ತು. ಅದೆಲ್ಲ ಬಂದು ಹೋಗುತ್ತಿತ್ತು. ಸಿಟ್ಟು ಮಾತ್ರ ಬಂದದ್ದು ಬಂದ ಹಾಗೇ ಕೂತಿತ್ತು.

ಅವಳು ಛಾಪಖಾನೆಯಲ್ಲಿ ಕರಡು ತಿದ್ದುವವಳು. ಹನ್ನೊಂದು ವರ್ಷದಿಂದ ಅದೇ ಕಿಟಕಿ ಪಕ್ಕದ ಮೇಜು, ಅದೇ ಕೆಂಪು ಪೆನ್ನು. ಜೊತೆಯವರು ಕರೆಯುವುದೇ ಕೆಂಪುಶಾಯಿ ಎಂದು. ಔಷಧಿ ಡಬ್ಬಿಯಾಗಲಿ, ಪೊಟ್ಟಣ ಕಟ್ಟಿದ ಹಳೇ ಪೇಪರಾಗಲಿ, ಅಕ್ಷರ ಕಂಡರೆ ಓದದೆ ಬಿಡುವ ಹೆಂಗಸಲ್ಲ. ಓದಿದ ಮೇಲೆ ತಪ್ಪು ಹಿಡಿಯದೆ ಬಿಡುವ ಹೆಂಗಸಂತೂ ಅಲ್ಲವೇ ಅಲ್ಲ. ಒಮ್ಮೊಮ್ಮೆ ಅವಸರದಲ್ಲಿ ಸರಿಯಿದ್ದ ಸಾಲಿಗೇ ಅಡ್ಡಗೆರೆ ಎಳೆದುಬಿಡುವುದೂ ಉಂಟು. ಆಗ ಆ ಸಾಲಿನ ಕೆಳಗೆ ಚುಕ್ಕೆಗಳನ್ನಿಟ್ಟು, ಅಂಚಿನಲ್ಲಿ ‘ಇರಲಿ’ ಎಂದು ಬರೆಯುತ್ತಿದ್ದಳು. ಅದನ್ನು ಕಂಡರೆ ಅಕ್ಷರ ಜೋಡಿಸುವವನು ಆ ಸಾಲನ್ನು ಮುಟ್ಟುವುದಿಲ್ಲ, ಹೇಗಿತ್ತೋ ಹಾಗೇ ಉಳಿಸುತ್ತಾನೆ.

ಇಂಥವಳ ಕೈಗೆ ಅವಳದೇ ಫೈಲು ಕೊಟ್ಟದ್ದು ಆಸ್ಪತ್ರೆಯವರ ತಪ್ಪು. ಏಳನೇ ತಿಂಗಳ ತಪಾಸಣೆಗೆ ಹೋದಾಗ ಹಳೇ ದಾಖಲೆಗಳ ಗುಮಾಸ್ತ ಅದನ್ನು ಕಿಟಕಿಯಿಂದ ತಳ್ಳಿ, “ಮೇಲಿನ ಕೋಣೆಗೆ ಕೊಡಿ. ಓದೋಕೆ ಹೋಗ್ಬೇಡಿ, ನಿಮಗೆ ಅರ್ಥ ಆಗಲ್ಲ” ಅಂದ. ಅವಳು ಮೆಟ್ಟಿಲ ಮೇಲೇ ಕೂತು ಓದಿದಳು.

ಆರು ವರ್ಷದ ಹಿಂದಿನ, ಮೊದಲ ಮಗಳ ಹೆರಿಗೆಯ ಪುಟ. ‘ಡ್ರಿಪ್ ಹಾಕಲಾಯಿತು. ಹೊಟ್ಟೆ ಒತ್ತಲಾಯಿತು. ಕೊಯ್ಯಲಾಯಿತು. ಹೆರಿಗೆ ಮಾಡಿಸಲಾಯಿತು. ಹೊಲಿಗೆ ಹಾಕಲಾಯಿತು.’ ಆಯಿತು, ಆಯಿತು, ಆಯಿತು! ಮಾಡಿದವರು ಯಾರು? ಒಂದು ವಾಕ್ಯಕ್ಕೂ ಕರ್ತೃ ಇಲ್ಲ. ಪುಟದ ಕೊನೆಯಲ್ಲಿ, ಎಲ್ಲ ಮುಗಿದ ಮೇಲೆ, ಒಂದೇ ಒಂದು ವಾಕ್ಯಕ್ಕೆ ಕರ್ತೃ ಸಿಕ್ಕಿತ್ತು: ‘ರೋಗಿ ಸಹಕರಿಸಲಿಲ್ಲ.’

ಅವಳಿಗೆ ಮೈಯೆಲ್ಲ ಉರಿದುಹೋಯಿತು. ರೋಗಿಯಂತೆ! ಯಾವ ರೋಗ? ಜ್ವರವೇ, ಕೆಮ್ಮೇ? ಹೊಟ್ಟೆಯಲ್ಲಿ ಒಂದು ಮಗು ಇತ್ತು, ಅಷ್ಟೇ.

ಆ ದಿನ ಅವಳನ್ನು ಅಂಗಾತ ಮಲಗಿಸಿ ಕಾಲು ಎತ್ತಿ ಕಟ್ಟಿದ್ದರು. ಎದ್ದು ನಿಲ್ಲುತ್ತೇನೆ ಅಂದಳು, ಗದರಿದರು. ಒಂದು ಗುಟುಕು ನೀರು ಕೇಳಿದಳು, ಕೊಡಲಿಲ್ಲ. ಬೇಗ ಆಗಲಿ ಎಂದು ಡ್ರಿಪ್ ಏರಿಸಿದ ಮೇಲೆ ನೋವು ಉಸಿರಾಡಲೂ ಪುರುಸೊತ್ತು ಕೊಡದೆ ಬಂತು. “ಆಗ ಖುಷಿಯಾಗಿತ್ತಲ್ಲ, ಈಗ ಯಾಕೆ ಕಿರುಚ್ತೀಯ?” ಅಂದಳು ಒಬ್ಬ ನರ್ಸು, ಹೊಟ್ಟೆಯ ಮೇಲೆ ಮೊಣಕೈ ಊರಿ. ಕತ್ತರಿ ಹಾಕುವ ಮುಂಚೆ ಯಾರೂ ಕೇಳಲಿಲ್ಲ, ಹೇಳಲೂ ಇಲ್ಲ. ಮಗುವನ್ನು ಸುತ್ತಿ ಎತ್ತಿಕೊಂಡು ಹೋದವರು ಮೂರು ಗಂಟೆ ಬಿಟ್ಟು ತಂದುಕೊಟ್ಟರು. ಹೊಲಿಗೆ ಕೀವಾಗಿ, ಒಂದೂವರೆ ತಿಂಗಳು ಅವಳಿಗೆ ನೆಟ್ಟಗೆ ಕೂರಲಾಗಲಿಲ್ಲ, ಕೂತು ಹಾಲೂಡಿಸಲಾಗಲಿಲ್ಲ.

ನೋಡಲು ಬಂದವರೆಲ್ಲ “ಇರಲಿ ಬಿಡು, ಮಗು ಚೆನ್ನಾಗಿದೆಯಲ್ಲ” ಅಂದರು. ಅಮ್ಮ ಅಂದಳು, ಅತ್ತೆ ಅಂದರು. ಗಂಡನೂ ಅಂದ, ಪಾಪ, ಒಳ್ಳೇ ಮನಸ್ಸಿನಿಂದಲೇ ಅಂದ. ಉಳಿದವರಿಗೆ ಬೈಯಲಾಗದ್ದೆಲ್ಲ ಅವನ ಪಾಲಿಗೆ ಬಿತ್ತು.

“ಇರಲಿ ಅಂದ್ರೆ? ಏನಿರಲಿ? ನಿಮ್ಮನ್ನ ಕಟ್ಟಿಹಾಕಿ, ಕೇಳದೆ ಕೊಯ್ದಿದ್ರೆ ಇರಲಿ ಅಂತಿದ್ರಾ?”

ಅವನು ಅದೇ ಛಾಪಖಾನೆಯಲ್ಲಿ ಪುಸ್ತಕ ಬೈಂಡ್ ಮಾಡುವವನು, ಮಾತು ಕಡಿಮೆ. ಅವತ್ತಿನಿಂದ ಆ ಪದವನ್ನೇ ಬಿಟ್ಟ.

ಈ ಸಲ ಅವಳಿಗೆ ಬೇಕಾದದ್ದು ಒಂದೇ. ತನ್ನ ಮಗುವನ್ನು ತಾನೇ ಹೆರಬೇಕು, ತನ್ನನ್ನು ಕೇಳದೆ ಯಾರ ಕೈಯೂ ತನ್ನ ಮೇಲೆ ಬೀಳಬಾರದು. ಆಸ್ಪತ್ರೆ ಬದಲಿಸೋಣವೆಂದರೆ ಊರಿಗೆಲ್ಲ ಅದೊಂದೇ. ಆದರೆ ಹೆರಿಗೆ ಕೋಣೆಗೆ ಹೊಸದಾಗಿ ದೊಡ್ಡಕ್ಕ ವರ್ಗವಾಗಿ ಬಂದಿದ್ದರು. ಮೂವತ್ತು ವರ್ಷ ಹೆರಿಗೆ ನೋಡಿದ ನರ್ಸು, ಡಾಕ್ಟರುಗಳೂ ದೊಡ್ಡಕ್ಕ ಎಂದೇ ಕರೆಯುತ್ತಿದ್ದರು. ಅವರು ಆ ಪುಟ ಓದಿ, ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು.

“ಇದನ್ನ ಹೊಡೆದು ಹಾಕೋ ಅಧಿಕಾರ ನನಗಿಲ್ಲ ಕಣಮ್ಮ. ಈ ಸಲದ್ದು ನಾನು ಬರೀತೀನಿ. ನೀನೂ ಗಟ್ಟಿ ಇದೀಯ, ಮಗುವೂ ಗಟ್ಟಿ ಇದೆ. ಇಂಥ ಹೆರಿಗೆಗೆ ನಮ್ಮಂಥವರು ಮಾಡ್ಬೇಕಾದ್ದು ಸುಮ್ಮನೆ ಕಾಯೋದು, ಅದೇ ಯಾರಿಗೂ ಬರಲ್ಲ. ಆದ್ರೆ ತೊಂದರೆ ಕಂಡ್ರೆ ನಾನೇ ಡಾಕ್ಟ್ರನ್ನ ಕರೀತೀನಿ. ಆಗ ನೀನು ರಚ್ಚೆ ಹಿಡೀಬಾರದು.”

“ಕೇಳಿ ಮಾಡಿದ್ರೆ ನಾನ್ಯಾಕೆ ರಚ್ಚೆ ಹಿಡೀಲಿ?” ಅಂದಳು ಅವಳು.

ನೋವು ಶುರುವಾದದ್ದು ಒಂದು ಬೆಳಿಗ್ಗೆ ಆರಕ್ಕೆ. ಎಂಟಕ್ಕೆ ಆಸ್ಪತ್ರೆ ಸೇರಿದಾಗ ದೊಡ್ಡಕ್ಕ ಮಂಚವನ್ನು ಗೋಡೆಗೆ ಸರಿಸಿ ನೆಲದ ಮೇಲೆ ದಪ್ಪ ಹಾಸಿಗೆ ಹಾಸಿದ್ದರು. ಅವಳು ನಡೆದಳು, ನೀರು ಕುಡಿದಳು, ನೋವು ಬಂದಾಗ ಕಿಟಕಿಯ ಸರಳು ಹಿಡಿದು ತೂಗಿದಳು. ಪುಸ್ತಕದ ಬೆನ್ನು ಒತ್ತಿ ಒತ್ತಿ ಗಟ್ಟಿಯಾದ ಅಂಗೈಯಿಂದ ಗಂಡ ಅವಳ ಸೊಂಟ ಒತ್ತಿದ. ಎರಡು ನೋವಿನ ನಡುವೆ ದೊಡ್ಡಕ್ಕ ಹೊಟ್ಟೆಗೆ ಕೊಳವೆ ಇಟ್ಟು ಮಗುವಿನ ಎದೆಬಡಿತ ಕೇಳಿ, ಬರೆದುಕೊಂಡು, ಮತ್ತೆ ಮೂಲೆಯ ಸ್ಟೂಲಿನ ಮೇಲೆ ಕೂರುತ್ತಿದ್ದರು.

ಹತ್ತೂವರೆಗೆ ದೊಡ್ಡ ಡಾಕ್ಟರು ಬಾಗಿಲು ತಳ್ಳಿದರು. ಹಳೇ ಫೈಲಿನ ಆ ವಾಕ್ಯದ ಕೆಳಗೆ ಸಹಿ ಇದ್ದದ್ದು ಇವರದೇ.

“ಇದೇನು ಹೆರಿಗೆ ಕೋಣೆನಾ, ಪಾರ್ಕಾ? ಮಲಗಿಸಿ. ಡ್ರಿಪ್ ಹಾಕಿ. ಹನ್ನೆರಡಕ್ಕೆ ನಂಗೊಂದು ಆಪರೇಷನ್ ಇದೆ, ಅಷ್ಟರಲ್ಲಿ ಇದನ್ನ ಮುಗಿಸಿಬಿಡೋಣ.”

ಮುಗಿಸಿಬಿಡಬೇಕಂತೆ, ಕಡತ ವಿಲೇವಾರಿ ಮಾಡಿದ ಹಾಗೆ! ಅವಳು ಸರಳು ಬಿಡದೆ ತಿರುಗಿದಳು.

“ಆಪರೇಷನ್ ಇರೋದು ನಿಮಗೆ ಡಾಕ್ಟ್ರೇ. ನನಗೇನೂ ಅವಸರ ಇಲ್ಲ.”

ಡಾಕ್ಟರು ದೊಡ್ಡಕ್ಕನನ್ನು ದುರುಗುಟ್ಟಿ ನೋಡಿದರು. ದೊಡ್ಡಕ್ಕ ಸ್ಟೂಲಿನಿಂದ ಎದ್ದರು.

“ಎದೆಬಡಿತ ಚೆನ್ನಾಗಿದೆ. ನೋವು ಹದವಾಗಿ ಬರ್ತಾ ಇದೆ. ಗರ್ಭದ ಬಾಯಿ ಅರ್ಧಕ್ಕಿಂತ ಹೆಚ್ಚು ತೆರೆದಿದೆ. ಡ್ರಿಪ್ ಯಾತಕ್ಕೆ ಅಂತ ಬರೀಲಿ ಡಾಕ್ಟ್ರೇ? ನಿಮ್ಮ ಹನ್ನೆರಡು ಗಂಟೆಗೆ ಅಂತ ಬರೀಲಾ?”

“ಏನಾದ್ರೂ ಆದ್ರೆ ನೀವೇ ಹೊಣೆ.”

“ಹೊಣೆ ಹೊತ್ಕೊಂಡೇ ನಿಂತಿದೀನಿ. ಬೇಕಾದ್ರೆ ಕರೀತೀನಿ, ಕರೆಯೋಕೆ ನಾಚಿಕೊಳ್ಳೋಳಲ್ಲ ನಾನು.”

ಬಾಗಿಲು ದಡಾರನೆ ಮುಚ್ಚಿತು. ಆಮೇಲಿನ ಒಂದೂವರೆ ಗಂಟೆ ಅವಳು ಒಂದೊಂದು ನೋವಿಗೆ ಒಂದೊಂದು ‘ಲಾಯಿತು’ವನ್ನು ಹಿಡಿದು ಬೈದಳು. ಹಾಕಲಾಯಿತಂತೆ, ಒತ್ತಲಾಯಿತಂತೆ, ನಿಮ್ಮ ವ್ಯಾಕರಣಕ್ಕಿಷ್ಟು ಬೆಂಕಿ ಹಾಕ! ದೊಡ್ಡಕ್ಕ ನಕ್ಕು, “ಬೈ, ಚೆನ್ನಾಗಿ ಬೈ, ಮಗು ಕೆಳಗಿಳೀತಾ ಇದೆ” ಅಂದರು.

ಕೊನೆಗೆ ಬೈಗುಳವೂ ಖಾಲಿಯಾಯಿತು. ಮೊಣಕಾಲೂರಿ ಹಾಸಿಗೆಯ ಮೇಲೆ ಕುಸಿದವಳು, “ಆಗಲ್ಲ ದೊಡ್ಡಕ್ಕ. ಡಾಕ್ಟ್ರನ್ನ ಕರೀರಿ, ಕೊಯ್ದು ತೆಗೀಲಿ” ಎಂದು ಅತ್ತಳು.

ದೊಡ್ಡಕ್ಕ ಅವಳ ಮುಖದ ಮಟ್ಟಕ್ಕೆ ಕೂತರು. “ನಿಜವಾಗ್ಲೂ ಬೇಕಾ? ಬೇಕು ಅಂದ್ರೆ ಕರೀತೀನಿ, ಅದರಲ್ಲಿ ತಪ್ಪೇನಿಲ್ಲ. ಮಗು ಚೆನ್ನಾಗಿದೆ, ತಲೆ ಕೈಗೆ ಸಿಗ್ತಾ ಇದೆ. ನೀನು ಹೇಳು.”

ನೀನು ಹೇಳು. ಆರು ವರ್ಷದ ಹಿಂದೆ ಈ ಎರಡು ಪದ ಯಾರ ಬಾಯಿಂದಲೂ ಬಂದಿರಲಿಲ್ಲ. ಅವಳು ಮೂಗು ಒರೆಸಿಕೊಂಡಳು.

“ಇನ್ನೊಂದು ನೋವು ನೋಡ್ತೀನಿ.”

ನಾಲ್ಕು ನೋವಾದವು. ನಾಲ್ಕನೆಯದಕ್ಕೆ, ಗಂಡನ ಕುತ್ತಿಗೆಗೆ ಜೋತುಬಿದ್ದು ಅವಳು ಹೆತ್ತಳು. ಮಗು ದೊಡ್ಡಕ್ಕನ ಕೈಗೆ ಜಾರಿ, ಅಲ್ಲಿಂದ ನೇರ ಅವಳ ಎದೆಗೆ ಬಂತು, ಒದ್ದೆಯಾಗಿ, ಬೆಚ್ಚಗೆ, ಕೂಗುತ್ತಾ. ಹೊಕ್ಕುಳಬಳ್ಳಿ ಬಡಿಯುವುದು ನಿಲ್ಲುವ ತನಕ ಯಾರೂ ಕತ್ತರಿ ಮುಟ್ಟಲಿಲ್ಲ. ಮಗು ತಾನೇ ತಡಕಾಡಿ ಮೊಲೆ ಹಿಡಿಯಿತು. ಒಂದು ಹೊಲಿಗೆಯೂ ಬೇಕಾಗಲಿಲ್ಲ. ಗಂಟೆಯಾದ ಮೇಲೆ ಅವಳೇ ನಡೆದು ಬಚ್ಚಲಿಗೆ ಹೋಗಿ ಬಂದಳು, ನೆಟ್ಟಗೆ ಕೂತು ಊಟ ಮಾಡಿದಳು. ಕೂತು ಊಟ ಮಾಡಿದ್ದಕ್ಕೇ ಅವಳಿಗೆ ಅಳು ಬಂತು, ಆರು ವರ್ಷದ ಹಿಂದೆ ಇದೂ ತನ್ನದಾಗಬಹುದಿತ್ತಲ್ಲ ಎಂದು.

ದೊಡ್ಡಕ್ಕ ಫೈಲು ತಂದು ತೋರಿಸಿದರು. ‘ಹೆರಿಗೆ ಮಾಡಿಸಿದವರು’ ಎಂಬ ಖಾನೆಯಲ್ಲಿ ದುಂಡಗೆ ಬರೆದಿದ್ದರು: ‘ತಾಯಿಯೇ ಹೆತ್ತಳು. ನಾನು ಸಹಕರಿಸಿದೆ.’ ಅವಳು ಅದನ್ನು ಮೂರು ಸಲ ಓದಿದಳು. ತಿದ್ದುವಂಥದ್ದೇನೂ ಇರಲಿಲ್ಲ.

ಮಧ್ಯಾಹ್ನ ಎರಡಕ್ಕೆ ದೊಡ್ಡ ಡಾಕ್ಟರು ಬಂದರು. ಮಗುವಿನ ಕೆನ್ನೆ ತಟ್ಟಿದರು, ಫೈಲು ತಿರುವಿದರು, ಹುಬ್ಬು ಗಂಟಿಕ್ಕಿದರು. “ಇದೇನು ಕಥೆ ಬರೆದಿದಾರೆ?” ಎಂದು ಆ ಎರಡು ವಾಕ್ಯಗಳ ಮೇಲೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ ತಮ್ಮ ಹೆಸರು ಬರೆದರು. ಹೆರಿಗೆಯ ಹೊತ್ತಿಗೆ ಇದೇ ಡಾಕ್ಟರು ಎರಡು ಮಹಡಿ ಮೇಲೆ ಇನ್ನೊಬ್ಬರ ಹೊಟ್ಟೆ ಕೊಯ್ಯುತ್ತಿದ್ದರು!

“ಡಾಕ್ಟ್ರೇ, ನೀವು ಇಲ್ಲಿರಲಿಲ್ಲ” ಅಂದಳು ಅವಳು.

“ಇರಲಿ ಬಿಡಮ್ಮ. ಯಾರ ಹೆಸರಿದ್ರೇನು? ಮಗು ಚೆನ್ನಾಗಿದೆಯಲ್ಲ.”

ಅವಳು ಮಗುವನ್ನು ಎಡತೋಳಿಗೆ ಸರಿಸಿಕೊಂಡು ಬಲಗೈ ಚಾಚಿದಳು. ಗಂಡ ಏನೂ ಕೇಳದೆ ಜೇಬಿನಿಂದ ಕೆಂಪು ಪೆನ್ನು ತೆಗೆದು ಕೊಟ್ಟ. ಬೆಳಿಗ್ಗೆ ಮನೆ ಬಿಡುವಾಗಲೇ ಇಟ್ಟುಕೊಂಡಿದ್ದನಂತೆ. ಅವಳು ಡಾಕ್ಟರ ಕೈಯಿಂದ ಫೈಲು ಎಳೆದುಕೊಂಡು ತೊಡೆಯ ಮೇಲಿಟ್ಟಳು. ಅವರ ಹೆಸರಿಗೆ ಅಡ್ಡಗೆರೆ ಎಳೆದಳು. ಅವರು ಹೊಡೆದು ಹಾಕಿದ್ದ ಎರಡು ವಾಕ್ಯಗಳ ಕೆಳಗೆ ಉದ್ದಕ್ಕೂ ಚುಕ್ಕೆ ಇಟ್ಟಳು, ಒಂದೂ ಬಿಡದೆ, ಕಾಗದ ತೂತಾಗುವಷ್ಟು ಒತ್ತಿ.

“ನೀವು ಹೇಳಿದ್ದೇ ಸರಿ ಡಾಕ್ಟ್ರೇ” ಅಂದಳು. ಅಂಚಿನಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದಳು: ‘ಇರಲಿ’.